ರನ್ ಒತ್ತುವ ಮೊದಲು ಉತ್ತರ ಹೇಳಿ

ಪ್ರೋಗ್ರಾಮಿಂಗ್ ಹೇಳಿಕೊಡುವ ವಿಡಿಯೋ ನೋಡುವಾಗ ಎಲ್ಲಾ ಅರ್ಥವಾಗುತ್ತದೆ. ಲೂಪ್ ಅರ್ಥವಾಗುತ್ತದೆ, ಫಂಕ್ಷನ್ ಅರ್ಥವಾಗುತ್ತದೆ, ಹೇಳಿಕೊಡುವವರು ಟೈಪ್ ಮಾಡಿದ್ದನ್ನು ನಾವೂ ಟೈಪ್ ಮಾಡಿದರೆ ಅದು ಓಡುತ್ತದೆ ಕೂಡ. ಆಮೇಲೆ ಒಂದು ದಿನ ಖಾಲಿ ಫೈಲ್ ತೆರೆದು, ಈ ಸಲ ಯಾರದ್ದೂ ನೋಡದೆ ಏನಾದರೂ ಬರೆಯೋಣ ಅಂತ ಕೂತರೆ ಕರ್ಸರ್ ಮಿನುಗುತ್ತಲೇ ಇರುತ್ತದೆ. ಒಂದು ಸಾಲೂ ಬರುವುದಿಲ್ಲ.

ಪ್ರೋಗ್ರಾಮಿಂಗ್ ಅನ್ನು ತಾವಾಗಿಯೇ ಕಲಿಯಲು ಹೊರಟವರಲ್ಲಿ ಇದು ಆಗದೇ ಇದ್ದವರು ಕಡಿಮೆ. ಮೂರು ಕೋರ್ಸ್ ಮುಗಿಸಿದೆ, ಆದರೂ ಸ್ವಂತವಾಗಿ ಬರೆಯಲು ಬರ್ತಿಲ್ಲ, ನನ್ನ ತಲೆಗೆ ಇದು ಹತ್ತೋದಿಲ್ಲವೇನೋ ಅನ್ನುವವರನ್ನು ನಾನು ತುಂಬಾ ನೋಡಿದ್ದೇನೆ. ಅವರಿಗೆ ಹೇಳುವುದು ಇಷ್ಟೇ: ತಲೆಯದ್ದೇನೂ ತಪ್ಪಿಲ್ಲ. ಮಾಡಿದ ಅಭ್ಯಾಸ ಒಂದು, ಬೇಕಾಗಿದ್ದ ಕೆಲಸ ಇನ್ನೊಂದು. ಕಣ್ಣೆದುರು ಇರುವುದನ್ನು ಗುರುತು ಹಿಡಿಯುವುದಕ್ಕೂ ಎದುರಿಗೆ ಏನೂ ಇಲ್ಲದಾಗ ತಲೆಯಿಂದ ತೆಗೆಯುವುದಕ್ಕೂ ಬಹಳ ದೂರ ಇದೆ. ಮೊದಲನೆಯದನ್ನು ನೂರು ಗಂಟೆ ಮಾಡಿದರೂ ಎರಡನೆಯದು ತಾನಾಗಿ ಕೈಗೆ ಬರುವುದಿಲ್ಲ.

ಇದರ ಬಗ್ಗೆ ಒಂದು ಪ್ರಸಿದ್ಧ ಪ್ರಯೋಗ ಇದೆ. 2006ರಲ್ಲಿ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕೆ ಎಂಬ ಮನಶ್ಶಾಸ್ತ್ರಜ್ಞರು ಪ್ರಕಟಿಸಿದ್ದು. ಕಾಲೇಜು ವಿದ್ಯಾರ್ಥಿಗಳಿಗೆ ಎರಡು ಸಣ್ಣ ಪಾಠ ಕೊಟ್ಟರು. ಒಂದನ್ನು ಎರಡು ಸಲ ಓದಿಸಿದರು. ಇನ್ನೊಂದನ್ನು ಒಂದೇ ಸಲ ಓದಿಸಿ, ಪುಸ್ತಕ ಮುಚ್ಚಿಸಿ, ನೆನಪಿದ್ದಷ್ಟನ್ನು ಬರೆಯಲು ಹೇಳಿದರು. ಐದು ನಿಮಿಷ ಬಿಟ್ಟು ಪರೀಕ್ಷೆ ಮಾಡಿದಾಗ ಎರಡು ಸಲ ಓದಿದ ಪಾಠವೇ ಮುಂದೆ: ಅದರಲ್ಲಿ 81 ಶೇಕಡಾ ನೆನಪಿತ್ತು, ಮುಚ್ಚಿಟ್ಟು ಬರೆದದ್ದರಲ್ಲಿ 75. ಒಂದು ವಾರ ಬಿಟ್ಟು ನೋಡಿದರೆ ತಿರುವುಮುರುವು. ಎರಡು ಸಲ ಓದಿದ್ದರಲ್ಲಿ ಉಳಿದದ್ದು 42, ಮುಚ್ಚಿಟ್ಟು ಬರೆದದ್ದರಲ್ಲಿ 56. ನನಗೆ ಇದರಲ್ಲಿ ಮುಖ್ಯ ಅನಿಸುವುದು ಆ ಮೊದಲ ಐದು ನಿಮಿಷದ ಅಂಕ. ಓದಿದ ತಕ್ಷಣ ನಮಗೆ ಬರುವ 'ಗೊತ್ತಾಯ್ತು' ಅನ್ನುವ ಭಾವನೆ ಸುಳ್ಳಲ್ಲ, ಆ ಕ್ಷಣಕ್ಕೆ ನಿಜವಾಗಿಯೂ ಗೊತ್ತಿರುತ್ತದೆ. ಅದಕ್ಕೇ ನಾವು ಅದನ್ನು ನಂಬಿ ಮುಂದಿನ ವಿಡಿಯೋಗೆ ಹೋಗುತ್ತೇವೆ. ಒಂದು ವಾರ ಆದ ಮೇಲೆ ಏನು ಉಳಿಯಿತು ಅಂತ ಹಿಂದೆ ತಿರುಗಿ ನೋಡುವವರು ಯಾರು?

ಪ್ರೋಗ್ರಾಮಿಂಗ್‌ನಲ್ಲಿ ಇನ್ನೂ ಒಂದು ತೊಡಕಿದೆ. ಇಲ್ಲಿ ನೆನಪು ಸಾಲದು. ಕಂಪ್ಯೂಟರ್ ಒಳಗೆ ಏನು ನಡೆಯುತ್ತಿದೆ ಎಂಬುದರ ಒಂದು ಚಿತ್ರ ತಲೆಯಲ್ಲಿ ಇರಬೇಕು, ಮತ್ತು ಆ ಚಿತ್ರ ಸರಿ ಇರಬೇಕು. ಒಂದು ಉದಾಹರಣೆ ಹತ್ತಿರದಿಂದ ನೋಡೋಣ. ಪೈಥಾನ್ ಭಾಷೆಯಲ್ಲಿ ಮೂರೇ ಸಾಲು ಅಂದುಕೊಳ್ಳಿ.

ಅ = 5
ಬ = ಅ
ಅ = 7

ಈಗ ಬ ಎಷ್ಟು? ಶಾಲೆಯ ಗಣಿತದಿಂದ ನೇರ ಬಂದವರು ಎಷ್ಟೋ ಸಲ 7 ಅನ್ನುತ್ತಾರೆ. ಅವರ ತರ್ಕ ಚೆನ್ನಾಗಿಯೇ ಇದೆ: ಬ ಮತ್ತು ಅ ಸಮ ಅಂತ ಎರಡನೇ ಸಾಲಿನಲ್ಲಿ ಹೇಳಿದ್ದೇವೆ, ಅ 7 ಆದ ಮೇಲೆ ಬ ಕೂಡ 7 ಆಗಬೇಕಲ್ವಾ? ಆದರೆ ಇಲ್ಲಿ = ಚಿಹ್ನೆಯ ಅರ್ಥ 'ಸಮ' ಅಂತ ಅಲ್ಲ. ಬಲಗಡೆ ಇರುವುದನ್ನು ಈಗಲೇ ಲೆಕ್ಕ ಹಾಕು, ಎಡಗಡೆಯ ಹೆಸರನ್ನು ಅದಕ್ಕೆ ಅಂಟಿಸು ಅಂತ. ಆ ಕೆಲಸ ಮುಗಿದ ಮೇಲೆ ಬ ಗೂ ಅ ಗೂ ಸಂಬಂಧ ಇಲ್ಲ. ಉತ್ತರ 5.

ಇಷ್ಟು ಗೊತ್ತಾದ ಮೇಲೆ ಕಲಿಯುವವರು ತಲೆಯಲ್ಲಿ ಹೊಸ ಚಿತ್ರ ಕಟ್ಟಿಕೊಳ್ಳುತ್ತಾರೆ. ಸಾಮಾನ್ಯವಾಗಿ ಅದು ಡಬ್ಬಿಯ ಚಿತ್ರ. ಅ ಒಂದು ಡಬ್ಬಿ, ಬ ಇನ್ನೊಂದು ಡಬ್ಬಿ, ಅ ದಲ್ಲಿ ಇದ್ದದ್ದರ ಒಂದು ಪ್ರತಿ ಬ ಗೆ ಹೋಯಿತು. ಈ ಚಿತ್ರ ಎಷ್ಟೋ ದಿನ ಕೆಲಸ ಮಾಡುತ್ತದೆ. ಆಮೇಲೆ ಲಿಸ್ಟ್, ಅಂದರೆ ಹಲವು ಬೆಲೆಗಳ ಪಟ್ಟಿ, ಬರುತ್ತದೆ.

ಅ = [1, 2]
ಬ = ಅ

ಇದಾದ ಮೇಲೆ ಅ ಎಂಬ ಲಿಸ್ಟ್‌ನ ಕೊನೆಗೆ 3 ಸೇರಿಸಿ, ಬ ಅನ್ನು ಪ್ರಿಂಟ್ ಮಾಡಿದರೆ, ಅಂದರೆ ಪರದೆಯ ಮೇಲೆ ತೋರಿಸಿದರೆ, ಏನು ಬರುತ್ತದೆ? ಡಬ್ಬಿಯ ಚಿತ್ರ ಇಟ್ಟುಕೊಂಡವರು [1, 2] ಅನ್ನುತ್ತಾರೆ. ಬರುವುದು [1, 2, 3]. ಯಾಕೆಂದರೆ ಪೈಥಾನ್‌ನಲ್ಲಿ ಹೆಸರು ಎನ್ನುವುದು ವಸ್ತುವಿಗೆ ಅಂಟಿಸಿದ ಚೀಟಿ. ಬ = ಅ ಅಂದಾಗ ಒಂದೇ ಲಿಸ್ಟ್‌ಗೆ ಎರಡು ಚೀಟಿ ಬಿತ್ತು. ಅ = 7 ಅಂದಾಗ ಚೀಟಿಯನ್ನು ಕಿತ್ತು ಬೇರೆ ವಸ್ತುವಿಗೆ ಅಂಟಿಸಿದೆವು, ಅದಕ್ಕೇ ಬ ಹಾಗೇ ಉಳಿಯಿತು. ಲಿಸ್ಟ್‌ಗೆ 3 ಸೇರಿಸಿದಾಗ ಚೀಟಿ ಅಲ್ಲಾಡಲಿಲ್ಲ, ವಸ್ತುವೇ ಬದಲಾಯಿತು.

ಈ ವಿಷಯ ನನಗೆ ಪುಸ್ತಕದಿಂದ ಹತ್ತಲಿಲ್ಲ, ಓದಿದ್ದೆ ಆದರೂ ಹತ್ತಲಿಲ್ಲ. ಒಂದು ಸಲ ಅಂಕಗಳ ಪಟ್ಟಿಯೊಂದನ್ನು ವಿಂಗಡಿಸಬೇಕಿತ್ತು. ಮೂಲ ಕ್ರಮ ಹಾಗೇ ಉಳಿಯಲಿ ಅಂತ ಮೊದಲೇ ಇನ್ನೊಂದು ಹೆಸರಿನಲ್ಲಿ ಇಟ್ಟುಕೊಂಡೆ, ಆಮೇಲೆ ವಿಂಗಡಿಸಿದೆ. ನೋಡಿದರೆ ಎತ್ತಿಟ್ಟುಕೊಂಡಿದ್ದೂ ವಿಂಗಡಣೆಯಾಗಿದೆ! ಎರಡು ಸಂಜೆ ಹೋಯಿತು. ವಿಂಗಡಿಸುವ ಭಾಗದಲ್ಲೇ ತಪ್ಪಿದೆ ಅಂತ ಅದನ್ನು ನಾಲ್ಕು ಸಲ ಬದಲಾಯಿಸಿದೆ. ಕೊನೆಗೆ ಬೇರೆ ದಾರಿ ಕಾಣದೆ ಪ್ರತಿ ಸಾಲಿನ ನಂತರ ಎರಡೂ ಪಟ್ಟಿಗಳನ್ನು ಪ್ರಿಂಟ್ ಮಾಡಿ, ಪ್ರತಿ ಸಲ ಏನು ಬರಬೇಕು ಅಂತ ಮೊದಲು ಕಾಗದದಲ್ಲಿ ಬರೆದುಕೊಂಡು, ಆಮೇಲೆ ರನ್ ಮಾಡುತ್ತಾ ಬಂದೆ. ನಾನು ಬರೆದದ್ದೂ ಪರದೆಯ ಮೇಲೆ ಬಂದದ್ದೂ ಬೇರೆಯಾದ ಮೊದಲ ಜಾಗ ಎಲ್ಲಿದೆಯೋ ಅಲ್ಲಿ ಸಮಸ್ಯೆ ಇತ್ತು. ನಾನು ಪ್ರತಿ ತೆಗೆದೇ ಇರಲಿಲ್ಲ, ಇನ್ನೊಂದು ಚೀಟಿ ಅಂಟಿಸಿದ್ದೆ ಅಷ್ಟೇ. ಆವತ್ತಿನಿಂದ ಇವತ್ತಿನವರೆಗೆ ಆ ತಪ್ಪನ್ನು ನಾನು ಮತ್ತೆ ಮಾಡಿಲ್ಲ.

ನನ್ನ ಪ್ರಕಾರ ಪ್ರೋಗ್ರಾಮಿಂಗ್ ಕಲಿಕೆಯ ನಿಜವಾದ ಅಳತೆ ಇದು. ಎಷ್ಟು ಗಂಟೆ ಕೂತೆ, ಎಷ್ಟು ಕೋರ್ಸ್ ಮುಗಿಸಿದೆ, ಎಷ್ಟು ಸಾಲು ಬರೆದೆ ಅನ್ನುವುದರಲ್ಲಿ ಜಾಸ್ತಿ ಏನೂ ಇಲ್ಲ. ಹೀಗಾಗುತ್ತದೆ ಅಂತ ಎಷ್ಟು ಸಲ ಮೊದಲೇ ಹೇಳಿದೆ, ಅದರಲ್ಲಿ ಎಷ್ಟು ಸಲ ತಪ್ಪಿತು, ತಪ್ಪಿದ್ದು ಯಾಕೆ ಅಂತ ಹುಡುಕಿದೆನಾ? ಊಹೆ ತಪ್ಪಿದ ಆ ಕ್ಷಣದಲ್ಲೇ ತಲೆಯೊಳಗಿನ ಚಿತ್ರ ತಿದ್ದಿಕೊಳ್ಳುತ್ತದೆ. ಊಹೆಯನ್ನೇ ಮಾಡದೆ ರನ್ ಒತ್ತಿದರೆ ಪರದೆ ಮೇಲೆ ಏನು ಬಂದರೂ 'ಹೌದು, ಹಾಗೇ ಇರಬೇಕು' ಅನಿಸಿಬಿಡುತ್ತದೆ.

ಶಾಲೆ ಕಾಲೇಜಿನಲ್ಲಿ ಕಲಿತವರಿಗೆ ಈ ತೊಂದರೆ ಇಲ್ಲ ಅಂತೇನಿಲ್ಲ. 2001ರಲ್ಲಿ ಮೈಕಲ್ ಮೆಕ್ರಾಕೆನ್ ನೇತೃತ್ವದ ಒಂದು ತಂಡ, ಬೇರೆ ಬೇರೆ ದೇಶಗಳ ವಿಶ್ವವಿದ್ಯಾಲಯಗಳಲ್ಲಿ ಪ್ರೋಗ್ರಾಮಿಂಗ್‌ನ ಮೊದಲ ಕೋರ್ಸ್‌ಗಳನ್ನು ಮುಗಿಸಿದ್ದ ವಿದ್ಯಾರ್ಥಿಗಳಿಗೆ ಸಣ್ಣ ಕ್ಯಾಲ್ಕುಲೇಟರ್ ಪ್ರೋಗ್ರಾಂ ಬರೆಯಲು ಕೊಟ್ಟಿತು. 110 ಅಂಕಗಳಿಗೆ ಸರಾಸರಿ ಬಂದದ್ದು 23ರ ಹತ್ತಿರ. ಸಮಸ್ಯೆಯನ್ನು ಬಿಡಿಸಿ ಯೋಚಿಸಲು ಬರುತ್ತಿಲ್ಲ ಅಂತ ಆಗ ಎಷ್ಟೋ ಜನ ಅಂದುಕೊಂಡರು. ಮೂರು ವರ್ಷ ಬಿಟ್ಟು, 2004ರಲ್ಲಿ, ರೇಮಂಡ್ ಲಿಸ್ಟರ್ ಮತ್ತು ಜೊತೆಗಾರರು ಏಳು ದೇಶಗಳ ವಿದ್ಯಾರ್ಥಿಗಳಿಗೆ ಬರೆಯುವ ಕೆಲಸವನ್ನೇ ಕೊಡಲಿಲ್ಲ. ಸಣ್ಣ ಕೋಡ್ ತುಣುಕುಗಳನ್ನು ತೋರಿಸಿ, ಇದು ಓಡಿದ ಮೇಲೆ ಈ ವೇರಿಯಬಲ್‌ನ (ಅ, ಬ ಗಳಂತಹ ಹೆಸರಿನ) ಬೆಲೆ ಎಷ್ಟು ಅಂತ ಕೇಳಿದರು. ಅದರಲ್ಲೂ ಬಹಳ ಜನ ಎಡವಿದರು. ಅಂದರೆ ಬರೆಯುವುದು ದೂರ ಉಳಿಯಿತು, ಬರೆದದ್ದನ್ನು ಸಾಲು ಸಾಲಾಗಿ ಹಿಂಬಾಲಿಸಲೂ ಆಗುತ್ತಿರಲಿಲ್ಲ. ಅದೇ ಅಧ್ಯಯನದ ಒಂದು ಸಣ್ಣ ವಿವರ ನನಗೆ ತುಂಬಾ ಇಷ್ಟ: ಪಕ್ಕದ ಕಾಗದದ ಮೇಲೆ ಪ್ರತಿ ಹಂತದ ಬೆಲೆಗಳನ್ನು ಗೀಚಿಕೊಂಡವರು ಸರಿ ಉತ್ತರ ಕೊಟ್ಟದ್ದು ಜಾಸ್ತಿ. ಸ್ವಂತವಾಗಿ ಕಲಿಯುವವರು ಮೊದಲು ಬಿಟ್ಟುಬಿಡುವುದೂ ಇದನ್ನೇ. ಕಾಗದ ಪೆನ್ನು ಹಿಡಿದು ಕೂರುವುದು ಹಳೇ ಕಾಲದ್ದು ಅನಿಸುತ್ತದೆ, ಟೈಪ್ ಮಾಡಿದರೆ ಮಾತ್ರ ಕೆಲಸ ಅನಿಸುತ್ತದೆ.

ಹೊಸಬರ ತಪ್ಪುಗಳ ಹಿಂದೆ ಇನ್ನೊಂದು ಆಳವಾದ ನಂಬಿಕೆ ಇದೆ. 1986ರಲ್ಲಿ ರಾಯ್ ಪೀ ಎಂಬ ಸಂಶೋಧಕ ಅದನ್ನು ಗುರುತಿಸಿ 'ಸೂಪರ್‌ಬಗ್' ಅಂತ ಕರೆದರು. ಕಂಪ್ಯೂಟರ್ ಒಳಗೆ ಎಲ್ಲೋ ಒಂದು ಮನಸ್ಸಿದೆ, ನಾನು ಏನು ಹೇಳಬೇಕು ಅಂತಿದ್ದೇನೋ ಅದು ಅದಕ್ಕೆ ಹೇಗೋ ಅರ್ಥವಾಗುತ್ತದೆ ಎಂಬ ನಂಬಿಕೆ. ಕೇಳಿದರೆ ಯಾರೂ ಒಪ್ಪುವುದಿಲ್ಲ, ಛೇ, ಅದು ಯಂತ್ರ ಅಲ್ವಾ ಅನ್ನುತ್ತಾರೆ. ಆದರೆ 'ಒಟ್ಟು' ಅಂತ ಹೆಸರಿಟ್ಟ ಮಾತ್ರಕ್ಕೆ ಅದು ಕೂಡುತ್ತಾ ಹೋಗುತ್ತದೆ ಅಂತ ಕಾಯುವವರಿದ್ದಾರೆ. ನಾವು ಹುಟ್ಟಿದಾಗಿನಿಂದ ಮಾತಾಡಿರುವುದು ಮನುಷ್ಯರ ಜೊತೆ. ಅರ್ಧ ಹೇಳಿದರೆ ಉಳಿದರ್ಧ ಎದುರಿನವರು ತುಂಬಿಕೊಳ್ಳುತ್ತಾರೆ. ಆ ರೂಢಿ ಬಿಡುವುದು ಸುಲಭ ಅಲ್ಲ. ಅದನ್ನು ಬಿಡಿಸುವುದು ಎರರ್ ಮೆಸೇಜ್ ಒಂದೇ.

ಹಾಗಾಗಿ ಕೆಂಪು ಅಕ್ಷರ ಕಂಡ ಕೂಡಲೇ ಕಣ್ಣು ಮುಚ್ಚಿಕೊಳ್ಳುವುದನ್ನು ಬಿಡಬೇಕು. ಪೈಥಾನ್‌ನಲ್ಲಿ ಏನಾಯಿತು ಅನ್ನುವುದು ಆ ಉದ್ದ ಸಂದೇಶದ ಕೊನೆಯ ಸಾಲಿನಲ್ಲಿ ಇರುತ್ತದೆ, ಮೇಲಿನಿಂದ ಓದಿ ಸುಸ್ತಾಗುವ ಬದಲು ಕೆಳಗಿನಿಂದ ಶುರು ಮಾಡಿ. ಅದು ತೋರಿಸುವ ಸಾಲಿನ ಸಂಖ್ಯೆ ತಪ್ಪು ಕಣ್ಣಿಗೆ ಬಿದ್ದ ಜಾಗ, ತಪ್ಪು ಮಾಡಿದ ಜಾಗ ಅದಕ್ಕಿಂತ ಮೇಲೆ ಇರಬಹುದು. ಬ್ರ್ಯಾಕೆಟ್ ಮುಚ್ಚಲು ಮರೆತರೆ ಹಿಂದೆಲ್ಲಾ ಮುಂದಿನ ಸಾಲನ್ನು ತೋರಿಸಿ ಇಲ್ಲಿ ತಪ್ಪಿದೆ ಅನ್ನುತ್ತಿತ್ತು, ಹೊಸಬರು ಸರಿಯಿದ್ದ ಸಾಲನ್ನೇ ಗಂಟೆಗಟ್ಟಲೆ ದಿಟ್ಟಿಸುತ್ತಿದ್ದರು. 2021ರಲ್ಲಿ ಬಂದ ಪೈಥಾನ್ 3.10ರಿಂದ, ಮುಚ್ಚದೇ ಉಳಿದ ಬ್ರ್ಯಾಕೆಟ್ ಯಾವುದು ಅಂತಲೇ ತೋರಿಸುತ್ತದೆ. ಇಂತಹ ಸಣ್ಣ ಸುಧಾರಣೆ ಒಬ್ಬರೇ ಕೂತು ಕಲಿಯುವವರಿಗೆ ಎಷ್ಟು ದೊಡ್ಡ ಉಪಕಾರ ಅಂತ ಆ ಸ್ಥಿತಿಯಲ್ಲಿ ಇದ್ದವರಿಗೇ ಗೊತ್ತು.

1980ರ ದಶಕದಲ್ಲಿ ಮನೆಗಳಿಗೆ ಕಂಪ್ಯೂಟರ್ ಬಂದಾಗ ಎಷ್ಟೋ ಜನ ಕಲಿತದ್ದು ಪತ್ರಿಕೆಗಳಲ್ಲಿ ಅಚ್ಚಾದ, ಬೇಸಿಕ್ ಎಂಬ ಭಾಷೆಯ ಪ್ರೋಗ್ರಾಂಗಳನ್ನು ನೋಡಿ ಟೈಪ್ ಮಾಡಿ. ಒಂದು ಆಟ ಆಡಬೇಕಾದರೆ ಪುಟಗಟ್ಟಲೆ ಕುಟ್ಟಬೇಕು. ಒಂದು ಅಲ್ಪವಿರಾಮ ತಪ್ಪಿದರೂ ಓಡುವುದಿಲ್ಲ. ಆ ಕಾಲವೇ ಚೆನ್ನಾಗಿತ್ತು ಅಂತ ಹೇಳುತ್ತಿಲ್ಲ, ಎಷ್ಟೋ ಜನ ಅಲ್ಲಿಗೇ ಕೈಬಿಟ್ಟಿರುತ್ತಾರೆ. ಆದರೆ ಉಳಿದವರು ಟೈಪ್ ಮಾಡಿದ್ದರಿಂದ ಕಲಿತರು ಅಂತ ನನಗೆ ಅನಿಸುವುದಿಲ್ಲ. ತಪ್ಪಿದ ಸಾಲನ್ನು ಹುಡುಕಿದ್ದರಿಂದ, ಆಮೇಲೆ ಓಡಿದ ಆಟದಲ್ಲಿ ಜೀವಗಳ ಸಂಖ್ಯೆ 3 ಇದ್ದದ್ದನ್ನು 30 ಮಾಡಿ ನೋಡಿದ್ದರಿಂದ ಕಲಿತರು.

ಈಗ ಕಾಲ ಪೂರ್ತಿ ಬೇರೆ. 2022ರ ನವೆಂಬರ್ 30ಕ್ಕೆ ಚಾಟ್‌ಜಿಪಿಟಿ ಬಂತು, ಅದಕ್ಕೂ ಒಂದು ವರ್ಷ ಮೊದಲೇ ಕೋಡ್ ಬರೆದುಕೊಡುವ ಗಿಟ್‌ಹಬ್ ಕೋಪೈಲಟ್ ಬಂದಿತ್ತು. ಆ ಲಿಸ್ಟ್ ಸಮಸ್ಯೆಗೆ ನಾನು ಕೊಟ್ಟ ಎರಡು ಸಂಜೆಯನ್ನು ಇವತ್ತು ಯಾರೂ ಕೊಡಬೇಕಾಗಿಲ್ಲ. ಕೋಡ್ ಅಂಟಿಸಿದರೆ ಹತ್ತು ಸೆಕೆಂಡಿನಲ್ಲಿ ಉತ್ತರ ಬರುತ್ತದೆ, ವಿವರಣೆಯೂ ಬರುತ್ತದೆ, ಹೆಚ್ಚಿನ ಸಲ ಸರಿಯಾಗಿಯೇ ಇರುತ್ತದೆ. ಕೆಲಸ ಮುಗಿಸಬೇಕಾದವರಿಗೆ ಇದು ದೊಡ್ಡ ಅನುಕೂಲ. ಆದರೆ ಕಲಿಯುವವರಿಗೆ? ಅವರಿಗೆ ಬೇಕಾಗಿದ್ದದ್ದು ಉತ್ತರಕ್ಕಿಂತ ಆ ಎರಡು ಸಂಜೆಯಲ್ಲಿ ತಲೆಯೊಳಗೆ ಆದ ಬದಲಾವಣೆ.

ಟರ್ಕಿಯ ಪ್ರೌಢಶಾಲೆಯೊಂದರಲ್ಲಿ ಸುಮಾರು ಸಾವಿರ ಮಕ್ಕಳ ಮೇಲೆ ನಡೆದ ಪ್ರಯೋಗ ಇದನ್ನು ಸ್ಪಷ್ಟವಾಗಿ ತೋರಿಸಿತು. ವಿಷಯ ಗಣಿತ, ಪ್ರೋಗ್ರಾಮಿಂಗ್ ಅಲ್ಲ, ಆದರೂ ಇಲ್ಲಿಗೆ ಚೆನ್ನಾಗಿ ಹೊಂದುತ್ತದೆ. ಮಾಮೂಲಿ ಚಾಟ್‌ಬಾಟ್ ಸಿಕ್ಕ ಮಕ್ಕಳು ಅಭ್ಯಾಸದ ಲೆಕ್ಕಗಳಲ್ಲಿ ಉಳಿದವರಿಗಿಂತ 48 ಶೇಕಡಾ ಚೆನ್ನಾಗಿ ಮಾಡಿದರು. ಆಮೇಲೆ ಅದನ್ನು ಕಿತ್ತುಕೊಂಡು ಪರೀಕ್ಷೆ ಕೊಟ್ಟಾಗ, ಅದನ್ನು ಮುಟ್ಟದೇ ಇದ್ದವರಿಗಿಂತ 17 ಶೇಕಡಾ ಕೆಟ್ಟದಾಗಿ ಮಾಡಿದರು. ಇನ್ನೊಂದು ಗುಂಪಿಗೆ, ಉತ್ತರ ಹೇಳದೆ ಸುಳಿವು ಮಾತ್ರ ಕೊಡುವ ಹಾಗೆ ಮಾಡಿದ್ದ ಚಾಟ್‌ಬಾಟ್ ಕೊಟ್ಟಿದ್ದರು. ಅವರಿಗೆ ಆ ನಷ್ಟ ಬಹುಪಾಲು ಆಗಲಿಲ್ಲ. ಒಂದೇ ಯಂತ್ರ, ಒಂದು ರೀತಿ ಬಳಸಿದರೆ ಕಲಿಕೆ ತಿನ್ನುತ್ತದೆ, ಇನ್ನೊಂದು ರೀತಿ ಬಳಸಿದರೆ ತಿನ್ನುವುದಿಲ್ಲ.

ನಮ್ಮ ಭಾವನೆಯನ್ನು ನಂಬಿಕೊಂಡು ಇದನ್ನು ಅಳೆಯುವುದೂ ಕಷ್ಟ. 2025ರಲ್ಲಿ 16 ಅನುಭವಿ ಡೆವಲಪರ್‌ಗಳ ಮೇಲೆ ನಡೆದ ಒಂದು ಪ್ರಯೋಗದಲ್ಲಿ, ಎಐ ಬಳಸಿದಾಗ ಅವರ ಕೆಲಸ 19 ಶೇಕಡಾ ನಿಧಾನವಾಯಿತು. ಕೆಲಸ ಮುಗಿದ ಮೇಲೂ ಅವರು, 20 ಶೇಕಡಾ ಬೇಗ ಆಯಿತು ಅಂತಲೇ ನಂಬಿದ್ದರು. ಅಷ್ಟು ಜನರಿಂದ ಎಲ್ಲರ ಬಗ್ಗೆ ತೀರ್ಪು ಕೊಡಲು ಆಗುವುದಿಲ್ಲ, ಉಪಕರಣಗಳೂ ಬೇಗ ಬದಲಾಗುತ್ತಿವೆ. ಆದರೆ ವರ್ಷಗಟ್ಟಲೆ ಇದೇ ಕೆಲಸ ಮಾಡಿದವರಿಗೇ ತಮ್ಮ ವೇಗ ಗೊತ್ತಾಗದಿದ್ದರೆ, ಮೊನ್ನೆ ಶುರು ಮಾಡಿದವರಿಗೆ ತಾನು ಕಲಿತೆನೋ ಇಲ್ಲವೋ ಅನ್ನುವುದು ಹೇಗೆ ಗೊತ್ತಾಗಬೇಕು?

ಹಾಗಂತ ಎಐ ಮುಟ್ಟಲೇಬೇಡಿ ಅಂತ ನಾನು ಹೇಳುವುದಿಲ್ಲ. ಪಕ್ಕದಲ್ಲಿ ಕೂತು ಹೇಳಿಕೊಡುವವರು ಯಾರೂ ಇಲ್ಲದವರಿಗೆ ಇದು ನಿಜವಾಗಿಯೂ ಬಂದ ಭಾಗ್ಯ. ಕೇಳುವ ರೀತಿ ಬದಲಾಗಬೇಕು. 'ಇದನ್ನು ಸರಿ ಮಾಡಿಕೊಡು' ಅನ್ನುವ ಬದಲು, 'ಇಲ್ಲಿ ಬ ಬದಲಾಗಬಾರದು ಅಂತ ನನ್ನ ಲೆಕ್ಕ, ಆದರೆ ಬದಲಾಗ್ತಿದೆ. ನನ್ನ ಲೆಕ್ಕ ಎಲ್ಲಿ ತಪ್ಪಿದೆ? ಕೋಡ್ ಬರೆಯಬೇಡ' ಅಂತ ಕೇಳಿ. ಈ ಪ್ರಶ್ನೆ ಕೇಳಬೇಕಾದರೆ ನಿಮ್ಮ ಹತ್ತಿರ ಒಂದು ಊಹೆ ಇರಲೇಬೇಕು. ಎಷ್ಟೋ ಸಲ ಪ್ರಶ್ನೆಯನ್ನು ಹೀಗೆ ಬರೆಯುತ್ತಿರುವಾಗಲೇ ಉತ್ತರ ಹೊಳೆದುಬಿಡುತ್ತದೆ. ಮೇಜಿನ ಮೇಲೆ ರಬ್ಬರ್ ಬಾತುಕೋಳಿ ಇಟ್ಟುಕೊಂಡು ಅದಕ್ಕೆ ಕೋಡ್ ವಿವರಿಸುವ ಪದ್ಧತಿ ಪ್ರೋಗ್ರಾಮರ್‌ಗಳಲ್ಲಿ ಇರುವುದೂ ಇದಕ್ಕೇ.

ಎಷ್ಟು ಹೊತ್ತು ಸಿಕ್ಕಿಹಾಕಿಕೊಂಡಿರಬೇಕು ಅಂತ ಕೇಳುತ್ತಾರೆ. ನನ್ನ ಅಭಿಪ್ರಾಯದಲ್ಲಿ ಇದಕ್ಕೆ ಗಡಿಯಾರ ನೋಡಬಾರದು. ಹೊಸ ಊಹೆ ಹುಟ್ಟುತ್ತಿರುವವರೆಗೆ ಕೂರಿ, ಅದು ಮೂರು ಗಂಟೆ ಆದರೂ ಸರಿ. ಅದೇ ಕೋಡನ್ನು ಸುಮ್ನೆ ದಿಟ್ಟಿಸುತ್ತಾ, ಸಿಕ್ಕಲ್ಲೆಲ್ಲಾ ಬ್ರ್ಯಾಕೆಟ್ ಸೇರಿಸಿ ತೆಗೆದು ಮಾಡುತ್ತಿದ್ದೀರಾ, ಹಾಗಿದ್ದರೆ ಇಪ್ಪತ್ತು ನಿಮಿಷವೂ ಜಾಸ್ತಿ. ಎದ್ದು ಓಡಾಡಿ ಬನ್ನಿ, ಅಥವಾ ಯಾರನ್ನಾದರೂ ಕೇಳಿ. ಸಂಕಟಪಟ್ಟ ಮಾತ್ರಕ್ಕೆ ಕಲಿಕೆ ಆಗುವುದಿಲ್ಲ. 'ಹಾಡುತ್ತಾ ಹಾಡುತ್ತಾ ರಾಗ, ನರಳುತ್ತಾ ನರಳುತ್ತಾ ರೋಗ' ಅಂತ ಗಾದೆ ಇದೆಯಲ್ಲ, ಅದರ ಎರಡನೇ ಅರ್ಧವನ್ನೂ ಕೇಳಿಸಿಕೊಳ್ಳಬೇಕು. ಅರ್ಥವಾಗದೆ ಸುಮ್ನೆ ಬದಲಾಯಿಸುತ್ತಾ ಹೋದರೆ ಹಾಗೆ ಬದಲಾಯಿಸುವುದೇ ರೂಢಿಯಾಗುತ್ತದೆ.

ಅಭ್ಯಾಸಕ್ಕೆ ಏನು ಮಾಡಬೇಕು ಅನ್ನುವುದಕ್ಕೆ ನಾನು ದೊಡ್ಡ ಪಟ್ಟಿ ಕೊಡುವುದಿಲ್ಲ. ಇವತ್ತು ವಿಡಿಯೋ ನೋಡಿ ಬರೆದದ್ದನ್ನು ನಾಡಿದ್ದು ಖಾಲಿ ಫೈಲ್‌ನಲ್ಲಿ ನೋಡದೆ ಬರೆಯಿರಿ. ಎಲ್ಲಿ ನಿಲ್ಲುತ್ತೀರೋ ಅಷ್ಟು ಮಾತ್ರ ಹಿಂದೆ ಹೋಗಿ ನೋಡಿ, ಮತ್ತೆ ಮುಚ್ಚಿ ಮುಂದುವರಿಸಿ. ಓಡಿದ ಮೇಲೆ ಒಂದೇ ಒಂದು ವಿಷಯ ಬದಲಾಯಿಸಿ, ಏನಾಗುತ್ತದೆ ಅಂತ ಮೊದಲು ಹೇಳಿ, ಆಮೇಲೆ ಓಡಿಸಿ. ಕೋರ್ಸ್ ಅರ್ಧಕ್ಕೆ ನಿಂತರೆ ಅಪರಾಧ ಮಾಡಿದ ಹಾಗೆ ಕೊರಗಬೇಡಿ. ಎಂಐಟಿ ಮತ್ತು ಹಾರ್ವರ್ಡ್‌ನ ಆನ್‌ಲೈನ್ ಕೋರ್ಸ್‌ಗಳಲ್ಲಿ 2017-18ರಲ್ಲಿ ಸೇರಿದವರ ಪೈಕಿ ಪೂರ್ತಿ ಮುಗಿಸಿದವರು ಶೇಕಡಾ 3ರ ಆಸುಪಾಸು. ಆರನೇ ಪಾಠಕ್ಕೆ ನಿಲ್ಲಿಸಿ ಕಲಿತ ಅಷ್ಟರಲ್ಲೇ ತನಗೆ ಬೇಕಾದ ಒಂದು ಸಣ್ಣ ಪ್ರೋಗ್ರಾಂ ಬರೆದವರು, ಮೂವತ್ತೂ ಪಾಠ ನೋಡಿ ಪ್ರಮಾಣಪತ್ರ ಇಟ್ಟುಕೊಂಡವರಿಗಿಂತ ಮುಂದೆ ಇರುತ್ತಾರೆ.

ಬೇರೆಯವರ ಕೋಡ್ ಓದುವುದನ್ನೂ ಸೇರಿಸಿಕೊಳ್ಳಿ. 1981ರಲ್ಲಿ ಕ್ಯಾಥರೀನ್ ಮೆಕೀತನ್ ಮತ್ತು ಜೊತೆಗಾರರು ನುರಿತವರಿಗೂ ಹೊಸಬರಿಗೂ ಒಂದು ಪ್ರೋಗ್ರಾಂ ತೋರಿಸಿ, ನೆನಪಿನಿಂದ ಬರೆಯಲು ಹೇಳಿದರು. ನುರಿತವರು ತುಂಬಾ ಮುಂದಿದ್ದರು. ಅದೇ ಸಾಲುಗಳನ್ನು ಕಲಸಿ ಹಿಂದುಮುಂದು ಮಾಡಿ ತೋರಿಸಿದಾಗ ಆ ಮೇಲುಗೈ ಇರಲಿಲ್ಲ. ಅಂದರೆ ನುರಿತವರದ್ದು ದೊಡ್ಡ ಜ್ಞಾಪಕಶಕ್ತಿ ಅಲ್ಲ. ಹತ್ತು ಸಾಲು ಅವರಿಗೆ ಹತ್ತು ಸಾಲಾಗಿ ಕಾಣುವುದಿಲ್ಲ, 'ಇದು ಪಟ್ಟಿಯಲ್ಲಿ ದೊಡ್ಡದನ್ನು ಹುಡುಕುವ ಲೂಪ್' ಅಂತ ಒಂದೇ ತುಂಡಾಗಿ ಕಾಣುತ್ತದೆ. ಇಂತಹ ತುಂಡುಗಳು ಕೂಡಿಬರುವುದಕ್ಕೆ ಸಮಯ ಬೇಕು. ಅಡ್ಡದಾರಿ ನಾನಂತೂ ಕಂಡಿಲ್ಲ.

ಆ ತುಂಡನ್ನೇ ಇವತ್ತು ತೆಗೆದುಕೊಳ್ಳಿ. ಕಂಪ್ಯೂಟರ್ ಪಕ್ಕಕ್ಕಿಡಿ, ಕಾಗದ ತೆಗೆದುಕೊಳ್ಳಿ. 'ದೊಡ್ಡದು' ಎಂಬ ಹೆಸರಿಗೆ ಮೊದಲು 0 ಕೊಟ್ಟಿದ್ದೇವೆ. ಆಮೇಲೆ ಪಟ್ಟಿಯಲ್ಲಿರುವ ಒಂದೊಂದೇ ಸಂಖ್ಯೆ ನೋಡುತ್ತಾ ಹೋಗಿ, ಅದು 'ದೊಡ್ಡದು' ಗಿಂತ ದೊಡ್ಡದಿದ್ದರೆ 'ದೊಡ್ಡದು' ಅನ್ನುವುದನ್ನು ಆ ಸಂಖ್ಯೆ ಮಾಡುತ್ತೇವೆ, ಇಲ್ಲದಿದ್ದರೆ ಹಾಗೇ ಬಿಡುತ್ತೇವೆ. ಕೊನೆಯಲ್ಲಿ 'ದೊಡ್ಡದು' ಪ್ರಿಂಟ್ ಆಗುತ್ತದೆ. ಪಟ್ಟಿ 4, 9, 2 ಇದ್ದರೆ 9 ಬರುತ್ತದೆ, ಸರಿ. ಪಟ್ಟಿ -5, -2, -9 ಇದ್ದರೆ ಏನು ಬರುತ್ತದೆ? ಬರೆದಿಟ್ಟುಕೊಂಡು ಆಮೇಲೆ ಓಡಿಸಿ ನೋಡಿ. ಅದನ್ನು ಸರಿ ಮಾಡಲು ಮೊದಲ ಸಾಲಿನಲ್ಲಿ 0 ಬದಲು ಏನಿರಬೇಕು, ಮತ್ತು ಪಟ್ಟಿಯಲ್ಲಿ ಒಂದು ಸಂಖ್ಯೆಯೂ ಇಲ್ಲದಿದ್ದರೆ ನೀವು ಮಾಡಿದ ಆ ತಿದ್ದುಪಡಿ ಏನಾಗುತ್ತದೆ, ಅದನ್ನೂ ರನ್ ಒತ್ತುವ ಮೊದಲೇ ಬರೆಯಿರಿ.